ಬೆಳಗಿನ ಪ್ರಾರ್ಥನೆಯಿಂದಲೇ ಸಂಗೀತ ಶುರುವಾಗಲಿ: ಮೂರು ಜಿಲ್ಲೆಗಳ ಶಿಕ್ಷಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು, ಬೆಳಗಾವಿ, ಚಿಕ್ಕೋಡಿ (ಬೆಳಗಾವಿ ಜಿಲ್ಲೆಯೊಳಗಿನ ಇನ್ನೊಂದು ಶೈಕ್ಷಣಿಕ ಜಿಲ್ಲೆ), ಬಾಗಲಕೋಟೆ ಮತ್ತು ವಿಜಯಪುರ;
ಎಲ್ಲ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಮತ್ತು ಸದಸ್ಯರು

ಮಾನ್ಯರೇ,

ನಮ್ಮ ಶಾಲೆಗಳಲ್ಲಿ ದಿನಾ ಬೆಳಿಗ್ಗೆ ಮಕ್ಕಳು ಹಾಡುತ್ತಾರೆ. ಪ್ರಾರ್ಥನೆ, ನಾಡಗೀತೆ, ರಾಷ್ಟ್ರಗೀತೆ ಎಲ್ಲ ಸೇರಿ ಸುಮಾರು ಹತ್ತು ನಿಮಿಷ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೆಯ ತರಗತಿಗೆ ವರ್ಷಕ್ಕೆ 220 ಕೆಲಸದ ದಿನಗಳು ಆಗಲೇಬೇಕು. ದಿನಕ್ಕೆ ಹತ್ತು ನಿಮಿಷವೆಂದರೆ 2,200 ನಿಮಿಷ, ನಲವತ್ತು ನಿಮಿಷದ ಪಿರಿಯಡ್ ಲೆಕ್ಕದಲ್ಲಿ 55 ಪಿರಿಯಡ್. ಇಷ್ಟು ಹೊತ್ತು ಮಕ್ಕಳು ಬಾಯಿ ತೆರೆದು ಹಾಡುತ್ತಾರೆ, ಆದರೆ ಹಾಡುವುದು ಹೇಗೆ ಎಂದು ಅವರಿಗೆ ಯಾರೂ ಹೇಳಿಕೊಡುವುದಿಲ್ಲ. ಸಂಗೀತ ಕಲಿಸಲು ಸಮಯವಿಲ್ಲ ಎಂಬ ಉತ್ತರ ಬಂದಾಗಲೆಲ್ಲ ಈ 55 ಪಿರಿಯಡ್‌ಗಳನ್ನು ನಾವು ನೆನಪಿಸಬೇಕಾಗುತ್ತದೆ. ಸಂಗೀತ ಶಿಕ್ಷಕರ ಹುದ್ದೆ ತುಂಬಿಸಿ ಎಂಬ ಬೇಡಿಕೆಯನ್ನು ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಅದು ಆಗುವ ತನಕ ಕಾಯದೆ ಬರುವ ಜೂನ್‌ನಿಂದಲೇ ಮಾಡಬಹುದಾದ ಕೆಲಸ ಬಹಳಷ್ಟಿದೆ. ಅದನ್ನು ತಮ್ಮ ಮುಂದಿಡಲು ಈ ಪತ್ರ.

ಮೊದಲು ಶ್ರುತಿಯ ಮಾತು. ಪ್ರಾರ್ಥನೆಗೆ ಮುಂದೆ ನಿಂತವರು ಆ ಹೊತ್ತಿಗೆ ಬಾಯಿಗೆ ಬಂದ ಶ್ರುತಿಯಲ್ಲಿ ಹಾಡು ಎತ್ತಿಕೊಳ್ಳುತ್ತಾರೆ, ಉಳಿದದ್ದೆಲ್ಲ ಅಲ್ಲಿಂದಲೇ ಕೆಡುತ್ತದೆ. ರಾಷ್ಟ್ರಗೀತೆಯ ಧಾಟಿ ಕೆಳಗೆ ಮಂದ್ರ ನಿಷಾದಕ್ಕೆ (ಕೆಳಗಿನ ನಿ) ಇಳಿಯುತ್ತದೆ, ಮೇಲೆ ತಾರ ಷಡ್ಜವನ್ನು (ಮೇಲಿನ ಸಾ) ಮುಟ್ಟುತ್ತದೆ. ಕೊನೆಯಲ್ಲಿ ‘ಜಯ ಹೇ’ ಎಂದು ಮೂರು ಸಲ ಬರುತ್ತದಲ್ಲ, ಅದರ ಮೊದಲನೆಯದರಲ್ಲೇ ಆ ಮೇಲಿನ ಸಾ ಇದೆ. ಪೇಟಿಯಲ್ಲಿ (ಹಾರ್ಮೋನಿಯಂ) ಬಿಳಿ ನಾಲ್ಕು ಅಥವಾ ಬಿಳಿ ಐದನ್ನು, ಅಂದರೆ ನಾಲ್ಕನೆಯ ಅಥವಾ ಐದನೆಯ ಬಿಳಿ ಪಟ್ಟಿಯನ್ನು, ಸಾ ಮಾಡಿಕೊಂಡು ಎತ್ತಿದರೆ ಅಲ್ಲಿಗೆ ಬರುವ ಹೊತ್ತಿಗೆ ಅರ್ಧ ಮಕ್ಕಳು ಚೀರುತ್ತಾರೆ, ಇನ್ನರ್ಧ ಸುಮ್ಮನಾಗುತ್ತಾರೆ. ಮಾಸ್ತರರು ತಮ್ಮ ಗಂಡುದನಿಯಲ್ಲಿ ಎತ್ತಿದರೆ ತೊಂದರೆ ಬೇರೆ. ಅವರ ಸ್ವರ ಮಕ್ಕಳ ದನಿಗಿಂತ ಒಂದು ಸಪ್ತಕ ಕೆಳಗಿರುತ್ತದೆ. ಹಾಡಿ ರೂಢಿಯಿರುವ ಮಗು ಅದನ್ನು ತನ್ನ ಸಪ್ತಕಕ್ಕೆ ಏರಿಸಿಕೊಂಡು ಹಾಡುತ್ತದೆ. ರೂಢಿಯಿಲ್ಲದ ಮಗು ಮಾಸ್ತರರ ದನಿಯನ್ನೇ ಹಿಡಿಯಲು ಹೋಗಿ ಗಂಟಲಲ್ಲಿ ಗೊಣಗುತ್ತದೆ. ಆ ಮಗುವಿಗೆ ಆಮೇಲೆ ‘ಬೆಸುರು’ ಎಂಬ ಹೆಸರು ಬೀಳುತ್ತದೆ.

ಒಂದರಿಂದ ಎಂಟನೆಯ ತರಗತಿಯವರೆಗೆ ಎಲ್ಲರೂ ಒಟ್ಟಿಗೆ ನಿಂತಾಗ ಮಧ್ಯ ಸಪ್ತಕದ ಕರಿ ಒಂದು ಸಾ ಆದರೆ ಎಲ್ಲರಿಗೂ ಹೊಂದುತ್ತದೆ. ಐದನೆಯ ತರಗತಿಯ ಮೇಲಿನವರಷ್ಟೇ ಇದ್ದರೆ ಬಿಳಿ ಎರಡು, ಬಿಳಿ ಮೂರರವರೆಗೂ ಹೋಗಬಹುದು. ಚಿಕ್ಕವರೇ ಇದ್ದರೆ ಬಿಳಿ ಒಂದು. ಸಾಲು ನಿಂತ ಮೇಲೆ ಪೇಟಿಯಲ್ಲಿ ಸಾ ಮತ್ತು ಪ ಎರಡನ್ನೂ ಒಟ್ಟಿಗೆ ಹತ್ತು ಸೆಕೆಂಡ್ ಹಿಡಿಯಬೇಕು. ಮಕ್ಕಳು ಮೊದಲು ಬಾಯಿ ಮುಚ್ಚಿಕೊಂಡು ಆ ಸಾ ಅನ್ನು ಗುನುಗಬೇಕು, ಆಮೇಲೆ ಬಾಯಿ ತೆರೆದು ‘ಆ’ ಎನ್ನಬೇಕು, ಆಮೇಲೆ ಹಾಡು. ಇದಕ್ಕೆ ಅರ್ಧ ನಿಮಿಷವೂ ಬೇಡ. ಪೇಟಿ ಇಲ್ಲದ ಶಾಲೆಯಲ್ಲಿ ಫೋನಿನ ತಂಬೂರಿ ಆ್ಯಪ್ ಸಾಕು. ಬಯಲಿನಲ್ಲಿ ಇನ್ನೂರು ಮಕ್ಕಳಿಗೆ ಫೋನ್ ಕೇಳಿಸುವುದಿಲ್ಲವಾದ್ದರಿಂದ ಮುಂದೆ ನಿಂತ ನಾಲ್ವರು ಅದನ್ನು ಕಿವಿಯ ಹತ್ತಿರ ಹಿಡಿದು ಸಾ ತೆಗೆದುಕೊಂಡು ಉಳಿದವರಿಗೆ ಹಾಡಿ ಕೊಡಬೇಕು. ಮೈಕನ್ನು ಮಾತ್ರ ದಯವಿಟ್ಟು ದೂರ ಇಡಿ. ಇಬ್ಬರ ಮುಂದೆ ಮೈಕ್ ಇಟ್ಟ ದಿನ ಉಳಿದವರಿಗೆ ತಮ್ಮ ದನಿಯೇ ಕೇಳಿಸುವುದಿಲ್ಲ, ಅವರು ತುಟಿ ಆಡಿಸುತ್ತ ನಿಲ್ಲುತ್ತಾರೆ.

ರಾಷ್ಟ್ರಗೀತೆಗೆ ನಿಗದಿಯಾದದ್ದು 52 ಸೆಕೆಂಡ್. ಗಡಿಯಾರ ಹಿಡಿದು ನೋಡಿ, ಎಳೆದು ಹಾಡುವ ಶಾಲೆಗಳಲ್ಲಿ ಉಸಿರು ಪದದ ನಡುವೆ ಮುರಿಯುವುದು ಗೊತ್ತಾಗುತ್ತದೆ. ನಾಡಗೀತೆಗೆ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು 2022ರ ಸೆಪ್ಟೆಂಬರ್‌ನಲ್ಲಿ ಗೊತ್ತುಪಡಿಸಿ 2 ನಿಮಿಷ 30 ಸೆಕೆಂಡ್ ಎಂದು ಹೇಳಿದೆ. ಅದಕ್ಕೂ ಮೊದಲು ಬೇರೆ ಧಾಟಿಗಳು ರೂಢಿಯಲ್ಲಿದ್ದವು, ಶಿಕ್ಷಕರು ತಾವು ಕಲಿತದ್ದನ್ನೇ ಹೇಳಿಕೊಡುತ್ತ ಬಂದಿದ್ದರು. ಹೀಗಾಗಿ ಪ್ರಾಥಮಿಕ ಶಾಲೆಯಿಂದ ಹೈಸ್ಕೂಲಿಗೆ ಬಂದ ಮಕ್ಕಳು ಒಂದೇ ಸಾಲಿನಲ್ಲಿ ಎರಡು ಧಾಟಿ ಹಾಡುವುದುಂಟು. ಕ್ಲಸ್ಟರಿನ (ಹತ್ತಿರದ ಶಾಲೆಗಳ ಗುಂಪು) ಎಲ್ಲ ಶಾಲೆಗಳಿಗೂ ಒಂದೇ ಧ್ವನಿಮುದ್ರಿಕೆ ಕೊಟ್ಟು, ವಾರಕ್ಕೊಂದು ಚರಣದಂತೆ ತಿದ್ದಿಸಿದರೆ ಇದು ಸರಿಹೋಗುತ್ತದೆ.

ಈಗ ಆ ‘ಬೆಸುರು’ ಮಗುವಿನ ವಿಷಯ. ಈ ಪತ್ರದಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ‘ನೀ ಹಾಡಬ್ಯಾಡ, ಬರೇ ಬಾಯಿ ಆಡಿಸು’ ಎಂದು ಮಗುವಿಗೆ ಒಮ್ಮೆ ಹೇಳಿದರೆ ಅದು ಮುಂದೆ ಹಾಡಲು ಬಾಯಿ ತೆರೆಯುವುದು ಕಷ್ಟ. ಇಂಥ ಬಹುತೇಕ ಮಕ್ಕಳ ಕಿವಿಯಲ್ಲಿ ದೋಷವಿರುವುದಿಲ್ಲ. ಅವರು ಮಾತಾಡುವ ದನಿಯಲ್ಲೇ ಹಾಡುತ್ತಿರುತ್ತಾರೆ, ಅದಕ್ಕಿಂತ ಮೇಲೆ ತಮ್ಮ ದನಿ ಹೋಗುತ್ತದೆಂಬುದೇ ಅವರಿಗೆ ಗೊತ್ತಿರುವುದಿಲ್ಲ. ಮಗುವಿಗೆ ಸ್ವರ ಕೊಡುವ ಬದಲು ಮಗುವಿನಿಂದಲೇ ಒಂದು ಸ್ವರ ತೆಗೆದುಕೊಳ್ಳಿ. ಅದು ಯಾವ ದನಿ ಮಾಡುತ್ತದೋ ಆ ಸ್ವರವನ್ನು ಪೇಟಿಯಲ್ಲಿ ಹುಡುಕಿ ಬಾರಿಸಿ. ಎರಡೂ ಕೂಡಿದಾಗ ಮಗುವಿನ ಮುಖ ನೋಡಿದರೆ ತಿಳಿಯುತ್ತದೆ. ಅಲ್ಲಿಂದ ಒಂದೊಂದೇ ಪಟ್ಟಿ ಮೇಲೆ ಕರೆದುಕೊಂಡು ಹೋಗಿ. ಹೊಲದ ಆ ಬದಿಯಲ್ಲಿದ್ದವರನ್ನು ಕರೆಯುವ ಹಾಗೆ ‘ಊ’ ಎಂದು ಕೆಳಗಿನಿಂದ ಮೇಲಕ್ಕೆ ಎಳೆಯಲು ಹೇಳಿದರೆ ಮಾತಿನ ದನಿ ತಾನಾಗಿಯೇ ಹಾಡಿನ ದನಿಗೆ ಏರುತ್ತದೆ. ವಾರಕ್ಕೆ ಎರಡು ನಿಮಿಷ ಒಂದು ಮಗುವಿಗೆ ಕೊಟ್ಟರೂ ಸಾಕು, ಆದರೆ ಇಡೀ ತರಗತಿಯ ಮುಂದೆ ನಿಲ್ಲಿಸಿ ಮಾಡಬಾರದು.

ಏಳರಿಂದ ಒಂಬತ್ತನೆಯ ತರಗತಿಯ ಹುಡುಗರ ದನಿ ಒಡೆಯುವ ಕಾಲ ಇನ್ನೊಂದು ಕಡೆ. ಆಗ ಹಾಡಬಲ್ಲ ಸ್ವರಗಳೇ ಕಡಿಮೆಯಾಗುತ್ತವೆ, ನಿನ್ನೆ ಬಂದ ಸ್ವರ ಇವತ್ತು ಬರುವುದಿಲ್ಲ. ಅವರನ್ನು ಮೇಲಿನ ಸ್ವರಕ್ಕೆ ಒತ್ತಾಯಿಸಿದರೆ ಗಂಟಲು ಬಿಗಿಯುತ್ತದೆ, ಪೂರ್ತಿ ಬಿಟ್ಟುಬಿಟ್ಟರೆ ಮರಳಿ ಬರುವುದಿಲ್ಲ. ನಾಲ್ಕೈದು ಸ್ವರದೊಳಗಿನ ಹಾಡು, ತಾಳ, ಹಲಗಿ, ಡಗ್ಗಾ ಇವರ ಕೈಗೆ ಬರಲಿ. ತರಗತಿಯಲ್ಲಿ ಅವರು ಉಳಿಯಬೇಕು.

ಪ್ರಾರ್ಥನೆಯ ಜೊತೆಗೆ ವಾರಕ್ಕೆ ಒಂದೇ ಒಂದು ಪಿರಿಯಡ್ ಕೇಳುತ್ತೇವೆ, ಇಡೀ ತರಗತಿಗೆ. ಅದರಲ್ಲಿ ಕಲಿಸುವುದಕ್ಕೆ ಕ್ರಮ ಬೇಕು. ಸರಳೆ ಎಂದು ಮೊದಲ ದಿನವೇ ಏಳೂ ಸ್ವರ ಹಾಡಿಸುವುದು ಸಾಮಾನ್ಯ ರೂಢಿ. ಮಕ್ಕಳಿಗೆ ಕಷ್ಟವಾಗುವುದು ಗ–ಮ ಮತ್ತು ನಿ–ಸಾ ನಡುವಿನ ಅರ್ಧ ಅಂತರಗಳು, ಅಲ್ಲೇ ಸ್ವರ ಜಾರುತ್ತದೆ. ಆದ್ದರಿಂದ ಭೂಪ ರಾಗದ ಐದು ಸ್ವರಗಳಿಂದ ಶುರು ಮಾಡುವುದು ಲೇಸು: ಸಾ ರೇ ಗ ಪ ಧ. ಅರ್ಧ ಅಂತರವೇ ಇಲ್ಲದ್ದರಿಂದ ಇಡೀ ತರಗತಿ ಬೇಗ ಕೂಡುತ್ತದೆ. ಅರ್ಧ ವರ್ಷ ಇದರಲ್ಲೇ ಇರಲಿ. ಆಮೇಲೆ ದುರ್ಗಾ ರಾಗ (ಸಾ ರೇ ಮ ಪ ಧ), ಆಮೇಲೆ ಬಿಲಾವಲ ರಾಗದ ಏಳೂ ಸ್ವರ, ಕೋಮಲ (ಅರ್ಧ ತಗ್ಗಿದ) ಸ್ವರಗಳು ಮರುವರ್ಷಕ್ಕೆ. ಹಾಡು ಕಲಿಸುವಾಗ ಶಿಕ್ಷಕರು ಒಂದು ಸಾಲು ಎರಡು ಸಲ ಹಾಡಲಿ, ಮಕ್ಕಳು ಆಗ ಕೇಳಲಿ. ಮಕ್ಕಳು ಹಾಡುವಾಗ ಶಿಕ್ಷಕರು ಬಾಯಿ ಮುಚ್ಚಿರಲಿ. ಶಿಕ್ಷಕರೂ ಜೊತೆಗೆ ಹಾಡುತ್ತಲೇ ಇದ್ದರೆ ಯಾರು ಎಲ್ಲಿ ತಪ್ಪುತ್ತಿದ್ದಾರೆಂದು ಅವರಿಗೇ ಕೇಳಿಸುವುದಿಲ್ಲ, ಅವರು ನಿಲ್ಲಿಸಿದ ಕೂಡಲೇ ಹಾಡೂ ಬಿದ್ದುಹೋಗುತ್ತದೆ. ಒಂದು ತರಗತಿಗೆ ವರ್ಷಕ್ಕೆ ಹನ್ನೆರಡು ಹಾಡು ಸಾಕು. ನಲವತ್ತು ಹಾಡು ಅರ್ಧಂಬರ್ಧ ಬರುವುದಕ್ಕಿಂತ ಇದೇ ಮೇಲು.

ತಾಳಕ್ಕೆ ವಾದ್ಯ ಬೇಡ. ದಾದರಾ ಆರು ಮಾತ್ರೆ, ಕೆಹರವಾ ಎಂಟು, ರೂಪಕ ಏಳು, ಝಪತಾಲ ಹತ್ತು, ತೀನತಾಲ ಹದಿನಾರು. ನಮ್ಮ ಕಡೆಯ ಹೆಚ್ಚಿನ ಹಾಡುಗಳು ಮೊದಲಿನ ಎರಡರಲ್ಲೇ ಕೂಡುತ್ತವೆ. ಗುಂಪಿನಲ್ಲಿ ಚಪ್ಪಾಳೆ ಜೋರಾದಷ್ಟೂ ಲಯ ಓಡುತ್ತದೆ. ಎರಡು ಬೆರಳಿನಿಂದ ಅಂಗೈ ಮೇಲೆ ತಟ್ಟಿಸಿ, ಮಾತ್ರೆಗಳನ್ನು ಪಿಸುಮಾತಿನಲ್ಲಿ ಎಣಿಸಿದರೆ ನಿಲ್ಲುತ್ತದೆ.

ಕನ್ನಡ ಶಿಕ್ಷಕರಿಗೆ ಇಲ್ಲೊಂದು ದೊಡ್ಡ ಲಾಭವಿದೆ. ಹೈಸ್ಕೂಲಿನ ಛಂದಸ್ಸಿನಲ್ಲಿ ಪ್ರಸ್ತಾರ ಹಾಕುವುದೆಂದರೆ ಮಕ್ಕಳಿಗೆ ಅಳುಕು. ಭಾಮಿನಿ ಷಟ್ಪದಿಯ ಗಣವಿನ್ಯಾಸ ಮೂರು, ನಾಲ್ಕು, ಮೂರು, ನಾಲ್ಕು. ರೂಪಕ ತಾಳವೂ ಏಳು ಮಾತ್ರೆ, ಮೂರು ಮತ್ತು ಎರಡೆರಡು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಕೈಯಲ್ಲಿ ತಟ್ಟುತ್ತ ಕುಮಾರವ್ಯಾಸನ ಒಂದು ಪದ್ಯ ಓದಿಸಿದರೆ ಹದಿನಾಲ್ಕು ಮಾತ್ರೆಯ ಸಾಲು ಸರಿಯಾಗಿ ಎರಡು ಆವರ್ತನಕ್ಕೆ (ತಾಳದ ಸುತ್ತು) ಮುಗಿಯುತ್ತದೆ. ಮೂರನೆಯ ಮತ್ತು ಆರನೆಯ ಸಾಲು ಮೂರು ಆವರ್ತನ ದಾಟಿ ಒಂದು ಗುರುವಿಗೆ ನಿಲ್ಲುತ್ತದೆ, ಇಪ್ಪತ್ತಮೂರು ಮಾತ್ರೆ. ನಾಲ್ಕನೆಯ ಆವರ್ತನದಲ್ಲಿ ಉಳಿದ ಐದು ಮಾತ್ರೆ ವಿರಾಮ, ಓದುವವರು ಅಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ. ಗುರುವನ್ನು ಲಘುವಾಗಿ ಓದಿದ ಮಗುವಿಗೆ ತಪ್ಪು ಕೈಯಲ್ಲೇ ಗೊತ್ತಾಗುತ್ತದೆ, ಸಾಲು ಮುಗಿದರೂ ತಾಳ ಮುಗಿದಿರುವುದಿಲ್ಲ. ಐದೈದು ಮಾತ್ರೆಯ ವಾರ್ಧಕ ಷಟ್ಪದಿಗೆ ಇದೇ ರೀತಿ ಝಪತಾಲ: ಇಪ್ಪತ್ತು ಮಾತ್ರೆಯ ಸಾಲಿಗೆ ಎರಡು ಆವರ್ತನ. ಕರಿಹಲಗೆಯ ಮೇಲೆ ಗೆರೆ ಎಳೆದು ವಾರಗಟ್ಟಲೆ ಹೇಳುವುದನ್ನು ಕೈ ಒಂದೆರಡು ಪಿರಿಯಡ್‌ನಲ್ಲಿ ಕಲಿಯುತ್ತದೆ.

ಸಂಗೀತ ಕಲಿತರೆ ಗಣಿತದ ಅಂಕ ಏರುತ್ತದೆ ಎಂಬಂಥ ಭರವಸೆಯನ್ನು ನಾವು ಕೊಡುವುದಿಲ್ಲ. ಕೊಡುವ ಅಗತ್ಯವೂ ಇಲ್ಲ. ಮಾತು ಸ್ಪಷ್ಟವಾಗುವುದಂತೂ ಕಣ್ಣ ಮುಂದಿನದು. ನಿಪ್ಪಾಣಿ, ಖಾನಾಪುರದ ಕಡೆ ಮರಾಠಿ, ವಿಜಯಪುರದ ಓಣಿಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ ಮನೆಮಾತಾಗಿರುವ ಮಕ್ಕಳು ಕನ್ನಡ ಶಾಲೆಗೆ ಬರುತ್ತಾರೆ. ಹ್ರಸ್ವ, ದೀರ್ಘಗಳನ್ನು ಓದುವಾಗ ತಡವರಿಸುವ ಮಗು ಹಾಡುವಾಗ ಅವನ್ನು ಹಿಡಿದು ನಿಲ್ಲಿಸಲೇಬೇಕಾಗುತ್ತದೆ, ಏಕೆಂದರೆ ಸ್ವರ ನಿಲ್ಲುವುದು ಆ ಸ್ವರಾಕ್ಷರದ ಮೇಲೆಯೇ. ಮಾತಾಡಲು ಹಿಂಜರಿಯುವ ಮಗು ನಲವತ್ತು ಜನರ ದನಿಯ ನಡುವೆ ತನ್ನ ದನಿಯನ್ನು ಹಾಕಿ ನೋಡುತ್ತದೆ. ಪಕ್ಕದವರ ದನಿಯನ್ನು ಕೇಳಿ ತನ್ನದನ್ನು ತಗ್ಗಿಸುವುದು, ಹೊಂದಿಸುವುದು ಬೇರಾವ ಪಿರಿಯಡ್‌ನಲ್ಲಿ ಕಲಿಯಲು ಸಿಗುತ್ತದೆ?

ಹಾಡುಗಳಿಗಾಗಿ ದೂರ ಹೋಗಬೇಕಿಲ್ಲ. ಮಳೆಗಾಲದ ಗುರ್ಜಿ ಹಾಡು, ಗುಳ್ಳವ್ವನ ಹಾಡು, ಪಂಚಮಿಯ ಜೋಕಾಲಿ ಹಾಡು ಸ್ವರದ ವ್ಯಾಪ್ತಿಯಲ್ಲಿ ಚಿಕ್ಕವು, ಒಂದರಿಂದ ಮೂರನೆಯ ತರಗತಿಗೆ ಹೇಳಿ ಮಾಡಿಸಿದವು. ದೊಡ್ಡವರಿಗೆ ಗೀಗೀ ಪದವಿದೆ: ಮೇಳದ ನಾಯಕ ದಪ್ಪು ಹಿಡಿದು ಸಾಲು ಹೇಳುತ್ತಾನೆ, ಹಿಂದಿನವರು ತುಂತುಣಿ, ತಾಳದೊಂದಿಗೆ ಅದನ್ನು ಎತ್ತಿಕೊಳ್ಳುತ್ತಾರೆ. ತರಗತಿಯನ್ನು ಎರಡು ಗುಂಪು ಮಾಡಿ ಹಾಡಿಸಲು ಇದಕ್ಕಿಂತ ಒಳ್ಳೆಯ ರೂಪ ಸಿಗದು. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ಹುಟ್ಟಿ ಬೆಳೆದ ನೆಲ ಇದು, ಅದನ್ನು ಆಡುವ ಕಲಾವಿದರು ಇಂದಿಗೂ ನಮ್ಮ ನಡುವೆ ಇದ್ದಾರೆ. ಮಕ್ಕಳು ಮನೆಯ ಆಯಿ, ಅಮ್ಮನ ಹಾಡನ್ನು ಅವರ ಒಪ್ಪಿಗೆ ಕೇಳಿ ಫೋನಿನಲ್ಲಿ ಹಿಡಿದು ತರಲಿ. ಹಾಡಿದವರ ಹೆಸರು, ಊರು, ಯಾವ ಹಬ್ಬದ್ದು ಎಂಬುದನ್ನು ಬರೆದಿಡಲಿ. ತರಗತಿಯಲ್ಲಿ ಹಾಡಿಸುವ ಮುನ್ನ ಶ್ರುತಿಯನ್ನು ಮಾತ್ರ ಬದಲಿಸಿಕೊಳ್ಳಬೇಕು. ಊರಿನ ಭಜನಿ ಮೇಳದವರು ರಾತ್ರಿಯ ಬಯಲಿಗೆ ತಕ್ಕಂತೆ ಬಹಳ ಎತ್ತರದ ಪಟ್ಟಿಯಲ್ಲಿ ಹಾಡುತ್ತಾರೆ. ಅವರನ್ನು ಶಾಲೆಗೆ ಕರೆದಾಗ ಮೂರು ನಾಲ್ಕು ಪಟ್ಟಿ ಇಳಿಸಿ ಹಾಡಲು ಮೊದಲೇ ವಿನಂತಿಸಬೇಕು, ಇಲ್ಲದಿದ್ದರೆ ಮಕ್ಕಳು ಕಿರುಚುವುದನ್ನೇ ಹಾಡುವುದೆಂದು ತಿಳಿಯುತ್ತಾರೆ.

ವಾದ್ಯ ಕೊಳ್ಳುವ ಶಾಲೆಗಳಿಗೆ ಕೆಲವು ಮಾತು. ಮೊದಲು ಒಂದು ಪೇಟಿ, ಒಂದು ಜೊತೆ ತಬಲಾ-ಡಗ್ಗಾ, ನಾಲ್ಕು ಜೊತೆ ತಾಳ, ಎರಡು ಹಲಗಿ ಅಥವಾ ದಪ್ಪು. ಇಷ್ಟೇ ಸಾಕು. ಪೇಟಿ ಮೂರೂವರೆ ಸಪ್ತಕದ, ಎರಡು ಸಾಲು ರೀಡಿನದಾಗಿರಲಿ (ರೀಡು ಎಂದರೆ ಗಾಳಿಗೆ ನುಡಿಯುವ ಹಿತ್ತಾಳೆಯ ನಾಲಿಗೆ). ಪಟ್ಟಿಗಳ ಮಣೆ ಸರಿಸಿ ಶ್ರುತಿ ಬದಲಿಸುವ ಸ್ಕೇಲ್ ಚೇಂಜರ್ ಬೇಡ: ತೂಕ ಹೆಚ್ಚು, ಸರಿಯುವ ಮಣೆ ಕೆಟ್ಟರೆ ತಾಲ್ಲೂಕಿನಲ್ಲಿ ದುರಸ್ತಿಯವರು ಸಿಗುವುದು ಕಷ್ಟ. ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಗಾಳಿ ಬಿಡುವ ಎಲ್ಲ ಗುಂಡಿಗಳನ್ನು ಮುಚ್ಚಿ ಭಾತಾ (ತಿದಿ) ಹೊಡೆಯಿರಿ, ಯಾವ ಸ್ವರವೂ ನುಡಿಯಬಾರದು. ಗುಂಡಿ ತೆರೆದು, ಗಾಳಿ ತುಂಬಿ, ಪಟ್ಟಿ ಒತ್ತದೆ ಬಿಡಿ, ಆಗಲೂ ಸದ್ದಿರಬಾರದು, ಒಳಗಿನ ಗಾಳಿ ಬೇಗ ಇಳಿಯಲೂಬಾರದು. ಮಧ್ಯದ ಸಾ, ಮೇಲಿನ ಸಾ ಎರಡನ್ನೂ ಒಟ್ಟಿಗೆ ಒತ್ತಿ ಕೇಳಿ. ದನಿಯಲ್ಲಿ ಅಲೆ ಎದ್ದಂತಾದರೆ ಟ್ಯೂನಿಂಗ್ ಸರಿಯಿಲ್ಲ. ಒಂದೊಂದೇ ಪಟ್ಟಿಯನ್ನು ಮೆಲ್ಲಗೆ ಗಾಳಿ ಕೊಟ್ಟು ನುಡಿಸಿ, ತಡವಾಗಿ ಎದ್ದೇಳುವ ರೀಡುಗಳು ಆಗ ಸಿಕ್ಕಿಬೀಳುತ್ತವೆ. ತಬಲಾವನ್ನು ಶಾಲೆಯ ಸಾ ನೋಡಿ ಕೊಳ್ಳಬೇಕು. ಕರಿ ಒಂದಕ್ಕೆ ಬಾಯಿ ಐದೂಕಾಲರಿಂದ ಐದೂವರೆ ಇಂಚು. ಒಂದು ತಬಲಾ ತನ್ನ ಶ್ರುತಿಯಿಂದ ಒಂದೆರಡು ಪಟ್ಟಿಯಷ್ಟೇ ಅತ್ತಿತ್ತ ಸರಿಯುತ್ತದೆ, ಒತ್ತಾಯದಿಂದ ಏರಿಸಿದರೆ ಪುಡಿ (ಬಾಯಿಯ ಚರ್ಮ) ಹರಿಯುತ್ತದೆ.

ವಾದ್ಯ ಕೆಡುವ ಬಗೆ ನಮ್ಮ ಜಿಲ್ಲೆಗಳಲ್ಲಿ ಒಂದೇ ರೀತಿಯಲ್ಲ. ಖಾನಾಪುರದ ಮಳೆಯಲ್ಲಿ ಕಟ್ಟಿಗೆ ಉಬ್ಬಿ ಪಟ್ಟಿಗಳು ಸಿಕ್ಕಿಹಾಕಿಕೊಳ್ಳುತ್ತವೆ, ಚರ್ಮಕ್ಕೆ ಬೂಸ್ಟು ಹಿಡಿಯುತ್ತದೆ. ಮಳೆ ಬಿಟ್ಟ ದಿನ ಪೇಟಿಯ ಮುಚ್ಚಳ ತೆರೆದು ಗಾಳಿಯಾಡುವ ಪಡಸಾಲೆಯಲ್ಲಿ ಇಡಬೇಕು, ನೇರ ಬಿಸಿಲಿಗೆ ಬೇಡ. ವಿಜಯಪುರ, ಬಾಗಲಕೋಟೆಯ ಏಪ್ರಿಲ್–ಮೇ ಬಿಸಿಲಿನಲ್ಲಿ ತದ್ವಿರುದ್ಧ: ಕಟ್ಟಿಗೆ ಕುಗ್ಗಿ ಬಿರುಕಿನಿಂದ ಗಾಳಿ ಸೋರುತ್ತದೆ, ತಬಲಾದ ಪುಡಿ ಬಿಗಿದು ತಾನಾಗಿಯೇ ಒಡೆಯುತ್ತದೆ. ಬೇಸಿಗೆ ರಜೆಗೆ ಮುನ್ನ ಗಟ್ಟಾಗಳನ್ನು (ಪಕ್ಕದ ಮರದ ತುಂಡುಗಳು) ತುಸು ಮೇಲಕ್ಕೆ ಸರಿಸಿ ಪುಡಿ ಸಡಿಲಿಸಿ, ತಗಡಿನ ಛತ್ತಿನ ಕೋಣೆ ಬಿಟ್ಟು ತಂಪಾದ ಕಡೆ ಇಡಿ. ಎಲ್ಲ ಕಡೆಗೂ ಸಾಮಾನ್ಯ ಶತ್ರು ಇಲಿ ಮತ್ತು ಜಿರಲೆ. ಭಾತಾದ ಬಟ್ಟೆ, ಚರ್ಮ ಅವಕ್ಕೆ ಪ್ರಿಯ. ಕಬ್ಬಿಣದ ಕಪಾಟು, ನಾಲ್ಕು ನುಸಿಗುಳಿಗೆ. ಒಂದು ಸ್ವರ ನುಡಿಯದಿದ್ದರೆ ಹೆಚ್ಚಿನ ಸಲ ರೀಡಿನಲ್ಲಿ ಧೂಳಿನ ಕಣ ಸಿಕ್ಕಿರುತ್ತದೆ, ತೆಳು ಕಾಗದದ ಅಂಚನ್ನು ಮೆಲ್ಲಗೆ ತೂರಿಸಿದರೆ ಬಿಡುತ್ತದೆ. ಸೂಜಿ, ಬ್ಲೇಡು ಹಾಕಿ ಕೆರೆಯಬೇಡಿ, ಹಿತ್ತಾಳೆ ತುಸು ಸವೆದರೂ ಶ್ರುತಿ ಬದಲಾಗುತ್ತದೆ. ವಾದ್ಯಗಳು ಹಾಳಾಗುವುದು ಹೆಚ್ಚಾಗಿ ಬಳಸದೆ ಬೀಗ ಹಾಕಿಟ್ಟದ್ದಕ್ಕೆ. ದಿನಾ ಪ್ರಾರ್ಥನೆಗೆ ತೆಗೆಯುವ ಪೇಟಿ ಹೆಚ್ಚು ಬಾಳುತ್ತದೆ.

ಪ್ರತಿಭಾ ಕಾರಂಜಿಯ ಬಗ್ಗೆಯೂ ಹೇಳಲೇಬೇಕು. ಅದು ಒಳ್ಳೆಯ ವೇದಿಕೆ, ಬೇಕು. ಆದರೆ ಹಲವು ಶಾಲೆಗಳಲ್ಲಿ ಸಂಗೀತವೆಂದರೆ ಕಾರಂಜಿಗೆ ಮೂರು ವಾರ ಮುಂಚೆ ನಾಲ್ಕು ಮಕ್ಕಳನ್ನು ಹೊರಗೆ ಕೂರಿಸಿ ತಯಾರಿ ಮಾಡುವುದು, ಗ್ಯಾದರಿಂಗ್‌ಗೆ (ಶಾಲಾ ವಾರ್ಷಿಕೋತ್ಸವ) ಸಿನಿಮಾ ಹಾಡಿನ ಟ್ರ್ಯಾಕ್ ಹಾಕಿ ಕುಣಿಸುವುದು ಎಂದಾಗಿದೆ. ಮೊದಲೇ ಬರುತ್ತಿದ್ದವರಿಗೆ ಮತ್ತಷ್ಟು ಸಿಗುತ್ತದೆ, ಉಳಿದ ಮಕ್ಕಳು ವರ್ಷವಿಡೀ ಪ್ರೇಕ್ಷಕರು. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ್ದು ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ, ಗಾಯಕಿ ಅಮೀರಬಾಯಿ ಕರ್ನಾಟಕಿ ಬೀಳಗಿಯವರು, ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾ ಸ್ವತಃ ಪದ ಕಟ್ಟಿದ ದೊರೆ. ಈ ಹೆಸರುಗಳನ್ನು ನಾವೂ ಹೆಮ್ಮೆಯಿಂದ ಹೇಳುತ್ತೇವೆ. ಅಂಥವರನ್ನು ತಯಾರಿಸುವುದು ಸರ್ಕಾರಿ ಶಾಲೆಯ ಕೆಲಸವಲ್ಲ. ಪ್ರತಿ ಮಗು ಶ್ರುತಿ ಹಿಡಿದು ಒಂದು ಹಾಡು ಹಾಡುವಂತೆ, ಇನ್ನೊಬ್ಬರ ಹಾಡನ್ನು ಕೂತು ಕೇಳುವಂತೆ ಮಾಡುವುದು ಶಾಲೆಯ ಕೆಲಸ.

ಯಾರು ಕಲಿಸಬೇಕು? ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯೇ ಉತ್ತರ ಕೊಟ್ಟಿದೆ: ಆರರಿಂದ ಎಂಟನೆಯ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು. ರಾಷ್ಟ್ರೀಯ ಶಿಕ್ಷಣ ನೀತಿ 2020 ಕೂಡ ಕಲೆಯನ್ನು ಪಠ್ಯೇತರ ಎಂದು ಬೇರೆ ಇಡಬಾರದು ಎನ್ನುತ್ತದೆ. ಅಷ್ಟು ಮಕ್ಕಳಿಲ್ಲದ ಚಿಕ್ಕ ಶಾಲೆಗಳಲ್ಲಿ ಇರುವ ಶಿಕ್ಷಕರೇ ಕಲಿಸಬೇಕಾಗುತ್ತದೆ, ಅದು ಸಾಧ್ಯ. ಅವರು ಕಛೇರಿ ಮಾಡಬೇಕಿಲ್ಲ. ಪೇಟಿಯಲ್ಲಿ ಸಾ ಹಿಡಿಯುವುದು, ಭೂಪದ ಐದು ಅಲಂಕಾರ (ಸ್ವರಾಭ್ಯಾಸ), ಮೂರು ತಾಳ, ಹನ್ನೆರಡು ಹಾಡು ಬಂದರೆ ಮೊದಲ ವರ್ಷಕ್ಕೆ ಸಾಕು. ಕ್ಲಸ್ಟರಿಗೆ ಇಬ್ಬರಂತೆ ಆಸಕ್ತ ಶಿಕ್ಷಕರನ್ನು ಆರಿಸಿ ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಹತ್ತು ದಿನ ತರಬೇತಿ ಕೊಡಿ. ಹತ್ತೂ ದಿನ ಒಂದೇ ಸಲ ಬೇಡ. ಐದು ದಿನ ಮೇ ತಿಂಗಳಲ್ಲಿ, ಉಳಿದ ಐದು ದಿನ ದಸರಾ ರಜೆ ಮುಗಿದ ಮೇಲೆ, ತರಗತಿಯಲ್ಲಿ ಎದುರಾದ ತೊಂದರೆಗಳನ್ನು ಹೊತ್ತುಕೊಂಡು ಬರಲಿ. ಉಳಿದ ಶಿಕ್ಷಕರಿಗೆ ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಅರ್ಧ ಗಂಟೆ ಸಿಗಲಿ. ಈ ತರಬೇತಿಗೆ ನಮ್ಮಲ್ಲಿ ಯಾರನ್ನು ಕರೆದರೂ ಬರುತ್ತೇವೆ. ಊರಿನ ಕಲಾವಿದರನ್ನು ಕರೆಸಿದರೆ ಬಸ್ ಚಾರ್ಜು, ಗೌರವಧನ ಅದೇ ದಿನ ಕೈಗೆ ಸಿಗಬೇಕು. ಶಾಲು ಹೊದಿಸಿ ಕಳಿಸುವುದರಿಂದ ಅವರ ಕೂಲಿ ತುಂಬುವುದಿಲ್ಲ.

ತಮ್ಮಿಂದ ನಾವು ಕೇಳುವುದು ಇಷ್ಟು. ವಾರಕ್ಕೊಂದು ಸಂಗೀತದ ಪಿರಿಯಡ್ ವೇಳಾಪಟ್ಟಿಯಲ್ಲಿ ಹೆಸರು ಹೊತ್ತು ಇರಲಿ ಮತ್ತು ಪರೀಕ್ಷೆ ಹತ್ತಿರ ಬಂದಾಗ ಅದನ್ನು ಬೇರೆ ವಿಷಯಕ್ಕೆ ತೆಗೆದುಕೊಳ್ಳಬಾರದೆಂದು ಲಿಖಿತ ಸೂಚನೆ ಹೋಗಲಿ. ವಾದ್ಯ ದುರಸ್ತಿಗೆ ಶಾಲಾ ಅನುದಾನದಲ್ಲಿ ಖರ್ಚು ಹಾಕಬಹುದೇ ಎಂಬ ಸಂಶಯ ಮುಖ್ಯೋಪಾಧ್ಯಾಯರಿಗೆ ಉಳಿಯದಂತೆ ಸ್ಪಷ್ಟಪಡಿಸಿ. ಶಾಲೆ ಸಂದರ್ಶನಕ್ಕೆ ಹೋದ ಅಧಿಕಾರಿಗಳು ಪ್ರಾರ್ಥನೆಯ ಹೊತ್ತಿಗೆ ತಲುಪಿ, ಹಿಂದಿನ ಸಾಲಿನಲ್ಲಿ ನಿಂತು ಕೇಳಲಿ. ಮುಂದಿನ ಸಾಲು ಎಲ್ಲ ಶಾಲೆಯಲ್ಲೂ ಚೆನ್ನಾಗಿಯೇ ಹಾಡುತ್ತದೆ. ಲಿಖಿತ ಪರೀಕ್ಷೆ, ಅಂಕ ಬೇಡ. ವಾರಕ್ಕೆ ನಾಲ್ಕು ಮಕ್ಕಳಂತೆ ಇಬ್ಬಿಬ್ಬರನ್ನು ಹಾಡಿಸಿ ಕೇಳಿ, ಶ್ರುತಿ ಕೂಡಿತೇ, ಲಯ ನಿಂತಿತೇ, ಮಾತು ಸ್ಪಷ್ಟವೇ ಎಂದು ಮೂರು ಗುರುತು ಹಾಕಿದರೆ ನಲವತ್ತು ಮಕ್ಕಳ ತರಗತಿ ಹತ್ತು ವಾರಕ್ಕೆ ಮುಗಿಯುತ್ತದೆ.

ಸುತ್ತೋಲೆ ಏಪ್ರಿಲ್ ಮುಗಿಯುವುದರೊಳಗೆ ಹೊರಡಬೇಕು. ಮೇ ಕೊನೆಗೆ ಶಾಲೆಗಳು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿಬಿಟ್ಟರೆ ಆಮೇಲೆ ಹೊಸ ಪಿರಿಯಡ್‌ಗೆ ಜಾಗ ಸಿಗುವುದು ಮರುವರ್ಷಕ್ಕೇ.

ಇತಿ ತಮ್ಮ ವಿಶ್ವಾಸಿಗಳು,
ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸಂಗೀತ ಶಿಕ್ಷಕರು ಮತ್ತು ಪೇಟಿ–ತಬಲಾ ಸಾಥಿದಾರರು